612ರ ಮೇಲೆ ಬಲ್ಬಿನ ಗೊರಗೊರ

ಎಲ್‌ಇಡಿ ಬಲ್ಬ್ ಹಾಕಿದ ಕೂಡಲೇ ಮೀಡಿಯಂ ವೇವ್ ರೇಡಿಯೋ ಗೊರಗೊರ ಅನ್ನಲು ಶುರು ಮಾಡುವುದುಂಟು. ಆರಿಸಿದರೆ ಸದ್ದೂ ಇಲ್ಲ. ಬಲ್ಬಿನೊಳಗಿನ ಡ್ರೈವರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತಿರುತ್ತದೆ. ಆ ವೇಗ 68 ಕಿಲೋಹರ್ಟ್ಸ್ ಎಂದುಕೊಳ್ಳಿ. ಅದರ ಎರಡು ಪಟ್ಟು, ಮೂರು ಪಟ್ಟು ಫ್ರೀಕ್ವೆನ್ಸಿಗಳಲ್ಲೂ ಗದ್ದಲ ಏಳುತ್ತದೆ. ಒಂಬತ್ತು ಪಟ್ಟು ಅಂದರೆ 612. ಬೆಂಗಳೂರು ಆಕಾಶವಾಣಿಯ ಜಾಗವೂ ಅದೇ!

ಈ ಗದ್ದಲವನ್ನು ಕಣ್ಣಿಗೆ ಕಾಣಿಸುವುದು ಸ್ಪೆಕ್ಟ್ರಮ್ ಅನಲೈಸರ್. ಈಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವೂ ಸಿಗುತ್ತವೆ. ಬ್ಯಾಟರಿಯಲ್ಲಿ ನಡೆಯುವುದು ಇವುಗಳ ದೊಡ್ಡ ಅನುಕೂಲ, ಏಕೆಂದರೆ ಚಾರ್ಜರ್ ಕೂಡ ಬಲ್ಬಿನ ಡ್ರೈವರ್‌ನಂತೆಯೇ ಗದ್ದಲ ಮಾಡುತ್ತದೆ. ಆದರೆ ಸೆಟ್ಟಿಂಗ್ ತಪ್ಪಿದರೆ ತೆರೆ ತೋರಿಸುವುದನ್ನು ನಂಬುವಂತಿಲ್ಲ.

ಮೊದಲು ವ್ಯಾಪ್ತಿ: 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್. ಆಮೇಲೆ ರೆಸಲ್ಯೂಷನ್ ಬ್ಯಾಂಡ್‌ವಿಡ್ತ್, ಅಂದರೆ ಅನಲೈಸರ್ ಒಂದು ಸಲಕ್ಕೆ ಎಷ್ಟು ಅಗಲದ ಕಿಂಡಿಯಲ್ಲಿ ನೋಡುತ್ತದೆ ಎಂಬುದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ರೇಡಿಯೋ ಗದ್ದಲ ಅಳೆಯುವ ಕ್ರಮ ಗೊತ್ತುಮಾಡುವ ಅಂತರರಾಷ್ಟ್ರೀಯ ಸಮಿತಿ ಸಿಸ್ಪರ್ ಈ ವ್ಯಾಪ್ತಿಗೆ ಹೇಳಿರುವುದು 9 ಕಿಲೋಹರ್ಟ್ಸ್. 30 ಮೆಗಾಹರ್ಟ್ಸ್ ದಾಟಿದರೆ 120. ನಮ್ಮ ಬಲ್ಬಿಗೆ 9 ಇಟ್ಟರೆ 68 ಕಿಲೋಹರ್ಟ್ಸ್‌ಗೊಂದರಂತೆ ಮುಳ್ಳುಗಳು ಬೇರೆಬೇರೆಯಾಗಿ ಎದ್ದು ಕಾಣುತ್ತವೆ. 120 ಇಟ್ಟರೆ ಒಂದಕ್ಕೊಂದು ಅಂಟಿಕೊಂಡು ದಿಬ್ಬವಾಗುತ್ತವೆ, ಎತ್ತರವೂ ಜಾಸ್ತಿ ಕಾಣುತ್ತದೆ. ಬಲ್ಬ್ ಅದೇ, ಅಂಕಿ ಬೇರೆ. ಹಾಗಾಗಿ ಬ್ಯಾಂಡ್‌ವಿಡ್ತ್ ಹೇಳದೆ ‘ಇಷ್ಟು ಡೆಸಿಬೆಲ್ ಬಂತು’ ಅಂದರೆ ಏನೂ ಹೇಳಿದಂತಾಗಲಿಲ್ಲ, ಅಲ್ವಾ?

ಡಿಟೆಕ್ಟರ್, ಅಂದರೆ ಗದ್ದಲವನ್ನು ಅಳೆಯುವ ಬಗೆ, ಪೀಕ್‌ನಲ್ಲಿರಲಿ; ಅದು ಗದ್ದಲದ ಅತಿ ಎತ್ತರದ ಮಟ್ಟವನ್ನು ಹಿಡಿಯುತ್ತದೆ. ಜೊತೆಗೆ ಮ್ಯಾಕ್ಸ್ ಹೋಲ್ಡ್, ಅಂದರೆ ಈವರೆಗೆ ಕಂಡ ಅತಿ ಹೆಚ್ಚಿನ ಎತ್ತರವನ್ನು ತೆರೆಯ ಮೇಲೆ ಉಳಿಸುವುದು. ನಿಯಮ ಕೇಳುವುದು ಕ್ವಾಸಿ-ಪೀಕ್, ನಿಜ. ಅದು ಗದ್ದಲ ಕಿವಿಗೆ ಎಷ್ಟು ಕಿರಿಕಿರಿ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಆದರೆ ಬಲು ನಿಧಾನ. 4.5 ಕಿಲೋಹರ್ಟ್ಸ್‌ಗೊಂದು ಹೆಜ್ಜೆ, ಹೆಜ್ಜೆಗೆ ಒಂದು ಸೆಕೆಂಡ್ ಎಂದರೂ ಇಡೀ ವ್ಯಾಪ್ತಿಗೆ ಸುಮಾರು 1 ಗಂಟೆ 50 ನಿಮಿಷ. ಪೀಕ್ ಅಳತೆ ಎಂದೂ ಕ್ವಾಸಿ-ಪೀಕ್‌ಗಿಂತ ಕಡಿಮೆ ಬರುವುದಿಲ್ಲ. ಮೊದಲು ಅದರಲ್ಲಿ ಹುಡುಕಿ, ಅನುಮಾನ ಬಂದ ಕಡೆ ಮಾತ್ರ ಕ್ವಾಸಿ-ಪೀಕ್ ಹಾಕಿದರೆ ಸಾಕು.

ಇನ್ನು ಬಲ್ಬ್ ಆರಿಸಿ, ಆಗ ತೆರೆಯ ಮೇಲೆ ಮೂಡುವ ಗೆರೆಯನ್ನು ಹೋಲಿಕೆಗೆಂದು ಉಳಿಸಿಕೊಳ್ಳಿ. ಬೆಂಗಳೂರಿನಲ್ಲಾದರೆ 612ರಲ್ಲಿ ಆಕಾಶವಾಣಿ ಆಗಲೇ ಎದ್ದು ನಿಂತಿರುತ್ತದೆ. ಅದನ್ನು ಬಲ್ಬಿನ ತಲೆಗೆ ಕಟ್ಟಬಾರದು. ಇಷ್ಟು ಬಲವಾದ ಸ್ಟೇಷನ್ ಹತ್ತಿರವಿದ್ದರೆ ಅನಲೈಸರ್ ಒಳಗೇ ಉಸಿರುಕಟ್ಟಿ, ಹೊರಗೆ ಇಲ್ಲದ ಮುಳ್ಳುಗಳನ್ನೂ ತೋರಿಸಬಹುದು. ಪರೀಕ್ಷೆ ಸುಲಭ: ಅಟೆನ್ಯುಯೇಷನ್, ಅಂದರೆ ಒಳಬರುವ ಸಿಗ್ನಲನ್ನು ತಗ್ಗಿಸುವ ಸೆಟ್ಟಿಂಗ್, 10 ಡೆಸಿಬೆಲ್ ಹೆಚ್ಚಿಸಿ. ನಿಜವಾದ ಮುಳ್ಳಿನ ಎತ್ತರ ಹಾಗೇ ಇರುತ್ತದೆ, ಸುಳ್ಳು ಮುಳ್ಳು ಕುಸಿಯುತ್ತದೆ.

ಆಮೇಲೆ ಬಲ್ಬ್ ಹಾಕಿ, ಅನಲೈಸರ್‌ಗೆ ಜೋಡಿಸಿದ ಬಳೆಯಾಕಾರದ ಪ್ರೋಬನ್ನು ಹೋಲ್ಡರಿಗೆ ಹೋಗುವ ವೈರಿನ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ. ಬಳೆಯ ದಿಕ್ಕು ಬದಲಾದಂತೆ ಮುಳ್ಳು ಏರಿಳಿಯುತ್ತದೆ. ವೈರಿನಲ್ಲೇ ಗದ್ದಲ ಹರಿಯುತ್ತಿದೆಯೇ ಎಂಬುದು ಆಗ ಗೊತ್ತಾಗುತ್ತದೆ. ಪ್ರೋಬ್ ಹತ್ತಿರ ಹಿಡಿದರೆ ಸಾಕು. ಮೇನ್ಸ್ ವೈರನ್ನು ಅನಲೈಸರ್‌ಗೆ ನೇರವಾಗಿ ಜೋಡಿಸಲೇಬೇಡಿ. ಉಪಕರಣ ಸುಡುವುದಷ್ಟೇ ಅಲ್ಲ, ಜೀವಕ್ಕೂ ಅಪಾಯ. ಲ್ಯಾಬ್‌ಗಳಲ್ಲಿ ಇದಕ್ಕೆಂದೇ, ಮೇನ್ಸ್ ಕರೆಂಟನ್ನು ತಡೆದು ಗದ್ದಲವನ್ನಷ್ಟೇ ಅನಲೈಸರ್‌ಗೆ ಕೊಡುವ ಲಿಸ್ನ್ ಎಂಬ ಪೆಟ್ಟಿಗೆ ಇರುತ್ತದೆ. ಕಾನೂನಿನ ಮಿತಿಯೊಳಗಿದೆಯೇ ಎಂದು ತೀರ್ಮಾನಿಸುವುದು ಅಲ್ಲಿಯ ಅಳತೆಯಿಂದಲೇ. ಪ್ರೋಬಿನ ಅಂಕಿಯನ್ನು ಆ ಮಿತಿಯ ಪಕ್ಕ ಇಟ್ಟು ನೋಡಲಾಗದು. ವೈರಿಗೆ ಗದ್ದಲ ತಗ್ಗಿಸುವ ಫೆರೈಟ್ ಬಳೆ ಹಾಕುವ ಮೊದಲು ಎಷ್ಟಿತ್ತು, ಹಾಕಿದ ಮೇಲೆ ಎಷ್ಟು ಇಳಿಯಿತು ಎಂದು ನೋಡಲು ಮಾತ್ರ ಇದು ತುಂಬ ಚೆನ್ನಾಗಿ ಒದಗುತ್ತದೆ, ಸೆಟ್ಟಿಂಗೂ ಪ್ರೋಬಿನ ಜಾಗವೂ ಬದಲಾಗದಿದ್ದರೆ.