ಲ್ಯಾಬ್ ಮಾಂಸ: ಕೊಲ್ಲದೆ ತಿಂದರೆ ತಕರಾರು ಮುಗಿಯಿತಾ?

ನೀತಿಶಾಸ್ತ್ರದ ಪೇಪರ್‌ನಲ್ಲಿ ಈ ಪ್ರಶ್ನೆ ಬಂದರೆ ಸುಮಾರು ಜನ "ಪ್ರಾಣಿ ಸಾಯುವುದಿಲ್ಲ, ಹಾಗಾಗಿ ತಪ್ಪಿಲ್ಲ" ಅಂತ ಬರೆದು ಮುಂದೆ ಹೋಗುತ್ತಾರೆ. ಅಷ್ಟಕ್ಕೆ ಬಿಟ್ಟರೆ ಉತ್ತರ ಅರ್ಧಂಬರ್ಧ.

ಮೊದಲು ಲ್ಯಾಬ್ ಮಾಂಸ ತಯಾರಾಗುವ ಬಗೆ. ಬದುಕಿರುವ ಹಸುವಿನ ಸ್ನಾಯುವಿನಿಂದ ಅರಿವಳಿಕೆ ಕೊಟ್ಟು ಒಂದು ಚೂರು ತೆಗೆಯುತ್ತಾರೆ. ಅದರಲ್ಲಿರುವ ಕಾಂಡಕೋಶಗಳನ್ನು (ಹೊಸ ಸ್ನಾಯುವಾಗಿ ಬೆಳೆಯಬಲ್ಲ ಕೋಶಗಳನ್ನು) ಬೇರ್ಪಡಿಸಿ, ಪೋಷಕಾಂಶ ತುಂಬಿದ ದ್ರವದಲ್ಲಿ ಬೆಳೆಸುತ್ತಾರೆ. ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಮಾರ್ಕ್ ಪೋಸ್ಟ್ ಹೀಗೆ ಬೆಳೆಸಿದ ಒಂದು ಬರ್ಗರನ್ನು 2013ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಎಲ್ಲರೆದುರು ಕರಿಸಿ ತಿನ್ನಿಸಿದರು. ಖರ್ಚು ಸುಮಾರು 2.5 ಲಕ್ಷ ಯೂರೋ! ದುಡ್ಡು ಹಾಕಿದ್ದು ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸರ್ಗೆ ಬ್ರಿನ್.

ತೊಡಕು ಇರುವುದು ಆ ದ್ರವದಲ್ಲಿ. ಕೋಶಗಳು ಚೆನ್ನಾಗಿ ಬೆಳೆಯಲಿ ಅಂತ ಅದಕ್ಕೆ ಕರುವಿನ ಭ್ರೂಣದ ಸೀರಂ ಸೇರಿಸುತ್ತಿದ್ದರು. ಕಸಾಯಿಖಾನೆಗೆ ಬಂದ ಹಸು ಗಬ್ಬವಾಗಿದ್ದರೆ, ಅದನ್ನು ಕಡಿದ ಮೇಲೆ ಹೊಟ್ಟೆಯಲ್ಲಿದ್ದ ಕರುವನ್ನು ಹೊರಗೆ ತೆಗೆಯುತ್ತಾರೆ. ಅದರ ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಎಳೆಯುತ್ತಾರೆ. ಆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯೇ ಸೀರಂ. 2013ರ ಬರ್ಗರ್ ಬೆಳೆದದ್ದು ಇದರಲ್ಲೇ. ಕೊಲ್ಲದೆ ಮಾಡಿದ್ದು ಅಂದುಕೊಂಡ ಮಾಂಸಕ್ಕೆ ಕಸಾಯಿಖಾನೆಯೇ ಬೇಕಾಗಿತ್ತು!

ಇದು ಕಂಪನಿಗಳಿಗೂ ಗೊತ್ತಿತ್ತು. ಪೋಸ್ಟ್ ಅವರೂ ಸೇರಿ ಕಟ್ಟಿದ ಮೋಸಾ ಮೀಟ್ ಸೀರಂ ಇಲ್ಲದೆ ಬೆಳೆಸುವ ವಿಧಾನವನ್ನು 2022ರಲ್ಲಿ ಪ್ರಕಟಿಸಿತು. ಸಿಂಗಾಪುರ 2020ರ ಡಿಸೆಂಬರ್‌ನಲ್ಲೇ ಲ್ಯಾಬ್ ಕೋಳಿಮಾಂಸ ಮಾರಲು ಒಪ್ಪಿಗೆ ಕೊಟ್ಟಿದ್ದರೂ, ಸೀರಂ ಇಲ್ಲದ ದ್ರವಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಅದಕ್ಕೇ ಉತ್ತರ ಬರೆಯುವಾಗ "ಲ್ಯಾಬ್ ಮಾಂಸ" ಅಂತ ಸುಮ್ನೆ ಬರೆಯಬೇಡಿ. ಸೀರಂ ಹಾಕಿ ಬೆಳೆಸಿದ್ದೋ, ಹಾಕದೆ ಬೆಳೆಸಿದ್ದೋ ಅನ್ನುವುದನ್ನು ಮೊದಲೇ ಹೇಳಿ.

ಸರಿ, ಸೀರಂ ಹೋಯಿತು ಅಂತ ಇಟ್ಟುಕೊಳ್ಳೋಣ. ಇನ್ನೇನು ತಕರಾರು? ಇಲ್ಲಿ ಪ್ರಾಣಿಗಳ ಪರವಾಗಿ ಬರೆದ ಇಬ್ಬರು ತತ್ವಜ್ಞಾನಿಗಳು, ಪೀಟರ್ ಸಿಂಗರ್ ಮತ್ತು ಟಾಮ್ ರೇಗನ್, ಬೇರೆ ಬೇರೆ ದಾರಿ ಹಿಡಿಯುತ್ತಾರೆ. ಸಿಂಗರ್ ನೋಡುವುದು ನೋವನ್ನು. ಒಂದು ಹಸುವಿಗೆ ಚೂರು ಗಾಯವಾಗಿ ಸಾವಿರಾರು ಪ್ರಾಣಿಗಳ ನರಳಾಟ ತಪ್ಪುವುದಾದರೆ ಲೆಕ್ಕ ಸುಲಭ. ರೇಗನ್ ವಾದದ ಬುಡ ಹಕ್ಕು: ಪ್ರಾಣಿಗೆ ತನ್ನದೇ ಬದುಕಿದೆ, ಅದು ನಮ್ಮ ಬಳಕೆಯ ವಸ್ತುವಲ್ಲ. ಆ ದಾರಿಯಲ್ಲಿ ಹೋದರೆ, ಕೋಶಕ್ಕಾಗಿ ಹಸು ಸಾಕುವುದೇ ಪ್ರಶ್ನೆಯಾಗುತ್ತದೆ, ನೋವಾಗದಿದ್ದರೂ. ನನಗೆ ಸಿಂಗರ್ ಕಡೆ ಒಲವು ಜಾಸ್ತಿ. ಆದರೆ ರೇಗನ್ ಅವರನ್ನು ಬಿಟ್ಟು ಬರೆದ ಉತ್ತರಕ್ಕೆ ತೂಕ ಇರುವುದಿಲ್ಲ.

ನಮ್ಮಲ್ಲಿ ಚರ್ಚೆ ಯಾವಾಗಲೂ "ಸಸ್ಯಾಹಾರಿಗಳು ತಿನ್ನಬಹುದಾ?" ಅನ್ನುವಲ್ಲಿಗೇ ಬರುತ್ತದೆ, ಅಲ್ವಾ? ಉತ್ತರ ಅವರು ಮಾಂಸ ಯಾಕೆ ಬಿಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಹಿಂಸೆ ಬೇಡ ಅಂತ ಬಿಟ್ಟವರು ಯೋಚನೆ ಮಾಡಬಹುದು. ಮಡಿ ಅಂತಲೋ ಮನೆತನದ ರೂಢಿ ಅಂತಲೋ ಬಿಟ್ಟವರಿಗೆ ಅದು ಎಲ್ಲಿ ಬೆಳೆದರೂ ಮಾಂಸವೇ. ಸಿಂಗಾಪುರದ ಮುಸ್ಲಿಂ ಧಾರ್ಮಿಕ ಸಮಿತಿಯ ಮುಂದೆಯೂ 2024ರಲ್ಲಿ ಇಂಥದ್ದೇ ಪ್ರಶ್ನೆ ಬಂತು. ತಿನ್ನಬಹುದಾದ ಪ್ರಾಣಿಯ ಕೋಶವಾಗಿದ್ದು, ಹಲಾಲ್ ಅಲ್ಲದ್ದೇನೂ ಸೇರಿರದಿದ್ದರೆ ಆಗಬಹುದು ಅಂದರು. ಅಂದರೆ ಮತ್ತೆ ಆ ದ್ರವದಲ್ಲಿ ಏನಿದೆ ಅಂತ ನೋಡಲೇಬೇಕು.

ಪರಿಸರದ ವಾದವನ್ನು ಹುಷಾರಾಗಿ ಬಳಸಿ. ದನಗಳಿಂದ ಬರುವ, ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಸರಾಸರಿ ಸುಮಾರು ಹನ್ನೆರಡು ವರ್ಷದಲ್ಲಿ ಗಾಳಿಯಿಂದ ಇಲ್ಲವಾಗುತ್ತದೆ. ಕೋಶ ಬೆಳೆಸುವ ದೊಡ್ಡ ತೊಟ್ಟಿಗಳನ್ನು (ಬಯೋರಿಯಾಕ್ಟರ್) ಓಡಿಸಲು ಕಲ್ಲಿದ್ದಲಿನ ಕರೆಂಟ್ ಬಳಸಿದರೆ ಬರುವ ಕಾರ್ಬನ್ ಡೈಆಕ್ಸೈಡ್ ಬಹುಕಾಲ ಉಳಿಯುತ್ತದೆ. ಕರೆಂಟ್ ಎಲ್ಲಿಂದ ಅಂತ ಹೇಳದೆ "ಪರಿಸರಕ್ಕೆ ಒಳ್ಳೆಯದು" ಅನ್ನುವ ಹಾಗಿಲ್ಲ.

ಕೊನೆಗೆ ನಿಷೇಧ. ಇಟಲಿ 2023ರಲ್ಲಿ, ಅಮೆರಿಕದ ಫ್ಲೋರಿಡಾ 2024ರಲ್ಲಿ ಲ್ಯಾಬ್ ಮಾಂಸ ಮಾರುವುದನ್ನು ನಿಷೇಧಿಸಿದವು. ಎರಡೂ ಕಡೆ ಜೋರಾಗಿ ಕೇಳಿದ್ದು ದನ ಸಾಕುವವರನ್ನು ಉಳಿಸಬೇಕು ಅನ್ನುವ ಮಾತು. ಅದು ಹೊಟ್ಟೆಪಾಡಿನ ಪ್ರಶ್ನೆ, ಸಣ್ಣದೇನಲ್ಲ. ಆದರೆ ಅದನ್ನು ಪ್ರಾಣಿಹಿಂಸೆಯ ವಾದದ ಜೊತೆ ಕಲಸಬೇಡಿ, ಬೇರೆ ಪ್ಯಾರಾದಲ್ಲೇ ಬರೆಯಿರಿ.