ಹಿಂದಿನ ಶಾಫ್ಟ್ ಮುರಿದರೆ ಮುಂದಿನ ಚಕ್ರದ ಮೇಲೆ ಮನೆ ಸೇರಬಹುದಾ?

ಓದುಗರ ಪ್ರಶ್ನೆ: "ಸರ್, ನಮ್ಮದು ಹಳೆ ಜಿಪ್ಸಿ, ಫೋರ್ ಬೈ ಫೋರ್. ಚಿಂಚೋಳಿ ಕಡೆ ಹಳ್ಳ ಏರುವಾಗ ಹಿಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿಯಿತು. ಟ್ರ್ಯಾಕ್ಟರ್ ಕರೆಸಿ ಎಳೆಸಿಕೊಂಡು ಬಂದೆವು. ಫೋರ್ ವೀಲ್ ಹಾಕಿ ಮುಂದಿನ ಚಕ್ರದ ಮೇಲೇ ಕಲಬುರಗಿ ತನಕ ಬರಬಹುದಿತ್ತು ಅಂತ ಗೆಳೆಯರು ಹೇಳುತ್ತಿದ್ದಾರೆ. ಹೌದಾ?"

ಹೌದು, ಬರಬಹುದಿತ್ತು. ಆದರೆ ಮುರಿದ ಶಾಫ್ಟನ್ನು ಪೂರ್ತಿ ಬಿಚ್ಚಿ ಗಾಡಿಯೊಳಗೆ ಹಾಕಿಕೊಂಡ ಮೇಲೆ ಮಾತ್ರ. (ಪ್ರೊಪೆಲ್ಲರ್ ಶಾಫ್ಟ್ ಎಂದರೆ ಎಂಜಿನ್ನಿನ ಬಲವನ್ನು ಚಕ್ರಗಳತ್ತ ಒಯ್ಯುವ ತಿರುಗುವ ದಂಡ, ಕ್ರಾಸ್ ಅದರ ತುದಿಯ ಬಾಗುವ ಜಾಯಿಂಟ್.) ಮುರಿದ ಶಾಫ್ಟ್ ನೇತಾಡುತ್ತಿರುವಾಗ "ಸ್ವಲ್ಪ ಮುಂದಕ್ಕೆ ನೋಡೋಣ" ಎಂದು ಕ್ಲಚ್ ಬಿಡುವವರೇ ಜಾಸ್ತಿ. ತಿರುಗುವ ಶಾಫ್ಟ್ ಬ್ರೇಕ್ ಪೈಪಿಗೋ ಪೆಟ್ರೋಲ್ ಟ್ಯಾಂಕಿಗೋ ಬಡಿದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಅದರ ಮುಂದಿನ ತುದಿ ಕಳಚಿ ನೆಲಕ್ಕೆ ನಾಟಿದರಂತೂ ಓಡುವ ಗಾಡಿಯ ಹಿಂಭಾಗವನ್ನೇ ಎತ್ತಿಬಿಡುತ್ತದೆ. ಹಾಗಾಗಿ ಸದ್ದು ಬಂದ ಕೂಡಲೇ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೆಳಗೆ ಬಗ್ಗಿ ನೋಡಿ.

ಬಿಚ್ಚುವ ಮೊದಲು ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಗಾಡಿ ಗೇರಿನಲ್ಲಿ ನಿಂತಿದ್ದರೆ ಅದನ್ನು ಹಿಡಿದಿರುವುದೇ ಶಾಫ್ಟ್. ಕ್ರಾಸ್ ಅರ್ಧ ಮುರಿದು ಇನ್ನೂ ಕಚ್ಚಿಕೊಂಡಿದ್ದರೆ, ಕೊನೆಯ ಬೋಲ್ಟ್ ಬಿಚ್ಚಿದ ಕ್ಷಣ ಆ ಹಿಡಿತವೂ ಹೋಗುತ್ತದೆ. ಕೆಲವು ಹಳೆ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಚಕ್ರದಲ್ಲಲ್ಲ, ಬಲವನ್ನು ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ. ಅಂಥ ಗಾಡಿಯಲ್ಲಿ ಹಿಂದಿನ ಶಾಫ್ಟ್ ತೆಗೆದರೆ ಹ್ಯಾಂಡ್‌ಬ್ರೇಕ್ ಎಳೆದರೂ ಹಿಂದಿನ ಚಕ್ರ ನಿಲ್ಲುವುದಿಲ್ಲ. ನೀವು ಅದರ ಕೆಳಗೇ ಮಲಗಿರುತ್ತೀರಿ.

ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರುಗಳು) ಕಡೆಯ ಫ್ಲ್ಯಾಂಜಿಗೆ, ಅಂದರೆ ಬೋಲ್ಟ್ ಹಾಕುವ ಬಿಲ್ಲೆಗೆ, ಸಾಮಾನ್ಯವಾಗಿ ನಾಲ್ಕು ಬೋಲ್ಟ್ ಇರುತ್ತವೆ. ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜ್ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಮತ್ತೆ ಅದೇ ಜೋಡಣೆಗೆ ಕೂತರೆ ಶಾಫ್ಟ್ ನಡುಗುವುದಿಲ್ಲ. ಮುಂದಿನ ತುದಿಯೂ ಬೋಲ್ಟ್ ಹಾಕಿದ ಫ್ಲ್ಯಾಂಜ್ ಆಗಿದ್ದರೆ ಕೆಲಸ ಸಲೀಸು. ಕೆಲವು ಗಾಡಿಗಳಲ್ಲಿ ಆ ತುದಿ ಹಲ್ಲುಗಳ ಮೇಲೆ ಜಾರಿ ಟ್ರಾನ್ಸ್‌ಫರ್ ಕೇಸಿನೊಳಗೇ ಹೋಗಿರುತ್ತದೆ. ಅದನ್ನು ಎಳೆದರೆ ಆ ತೂತಿನಿಂದ ಆಯಿಲ್ ಸುರಿಯುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಅದರ ಬಾಯಿಗೆ ಮುಚ್ಚಿ, ಟ್ಯೂಬಿನ ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿದರೂ ಅದು ನಂಬುವಂಥದ್ದಲ್ಲ. ಹತ್ತಿರದ ಊರಿನ ತನಕ ನಿಧಾನ ಹೋಗಿ, ನಿಂತು ನಿಂತು ಸೋರಿಕೆ ನೋಡಿ. ಸೋರಿಕೆ ನಿಲ್ಲದಿದ್ದರೆ ಅಲ್ಲಿಗೇ ಬಿಡಿ, ಆಯಿಲ್ ಇಲ್ಲದೆ ಓಡಿದರೆ ಟ್ರಾನ್ಸ್‌ಫರ್ ಕೇಸೇ ಹೋಗುತ್ತದೆ.

ಇನ್ನು ಓಡಿಸುವುದು. ಮುಂದಿನ ಹಬ್‌ಗಳನ್ನು (ಚಕ್ರದ ನಡುವಿನ ಭಾಗ) ಕೈಯಿಂದ ತಿರುಗಿಸಿ ಲಾಕ್ ಮಾಡುವ ಗಾಡಿಯಾದರೆ ಎರಡನ್ನೂ ಲಾಕ್ ಮಾಡಿ, ಫೋರ್ ವೀಲ್ ಲಿವರನ್ನು ನಾಲ್ಕೂ ಚಕ್ರಕ್ಕೆ ಬಲ ಕೊಡುವ 4ಎಚ್‌ಗೆ ಹಾಕಿ. 2ಎಚ್‌ನಲ್ಲಿ ಬಲ ಹಿಂದಕ್ಕೆ ಮಾತ್ರ ಹೋಗುವುದರಿಂದ ಎಂಜಿನ್ ಎಷ್ಟು ಕೂಗಿದರೂ ಗಾಡಿ ಕದಲುವುದಿಲ್ಲ. "ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಬಾರದು ಅಲ್ವಾ?" ಎಂದು ಇಲ್ಲಿ ಬಹಳ ಮಂದಿ ಕೇಳುತ್ತಾರೆ. ಆ ಮಾತು ನಾಲ್ಕೂ ಚಕ್ರ ಕೆಲಸ ಮಾಡುವಾಗ ನಿಜ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿದಾಗ ಗಟ್ಟಿ ರಸ್ತೆಯಲ್ಲಿ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಹಿಂದಿನ ಶಾಫ್ಟೇ ಇಲ್ಲದಿದ್ದಾಗ ಆ ಬಿಗಿತ ಹುಟ್ಟುವುದಿಲ್ಲ.

ಆದರೆ ಪೂರ್ತಿ ಭಾರ ಈಗ ಮುಂದಿನ ಜಾಯಿಂಟುಗಳ ಮೇಲೆ ಬೀಳುತ್ತದೆ. 40 ಕಿ.ಮೀ. ವೇಗ ದಾಟಬೇಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಬೇಡಿ. 4ಎಲ್‌ನ (ನಿಧಾನ, ಹೆಚ್ಚು ಬಲದ ಗೇರ್) ಬಲವನ್ನೂ ಆದಷ್ಟು ಬಳಸಬೇಡಿ. ಸಡಿಲ ಕಲ್ಲಿನ ಏರು ಬಂದು ಮುಂದಿನ ಚಕ್ರ ಸುಮ್ನೆ ತಿರುಗತೊಡಗಿದರೆ, ಗಾಡಿ ತಿರುಗಿಸಿಕೊಂಡು ರಿವರ್ಸಿನಲ್ಲಿ ಏರಿ. ಏರಿನಲ್ಲಿ ಭಾರ ಕೆಳಗಿನ ಚಕ್ರದ ಮೇಲೆ ಕೂರುತ್ತದೆ. ರಿವರ್ಸಿನಲ್ಲಿ ಆ ಕೆಳಗಿನ ಚಕ್ರವೇ ಎಳೆಯುವ ಚಕ್ರ. ಹಳ್ಳದ ದಂಡೆ ಹತ್ತಲು ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳಿದ್ದು ಶಾಫ್ಟ್ ಅಥವಾ ಅದರ ಕ್ರಾಸ್ ಮುರಿದಾಗ. ಮುರಿದದ್ದು ಬೇರೆಯಾದರೆ ಉತ್ತರವೂ ಬೇರೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನೊಳಗೆ ಕಟಕಟ ಸದ್ದು ಬಂದರೆ ಕ್ರೌನ್, ಪಿನಿಯನ್ ಎಂಬ ಗೇರುಗಳ ಹಲ್ಲು ಹೋಗಿರಬಹುದು. ಆಗ ಶಾಫ್ಟ್ ಬಿಚ್ಚಿದರೂ ಚಕ್ರದ ಜೊತೆ ಕ್ರೌನ್ ತಿರುಗುತ್ತಲೇ ಇರುತ್ತದೆ, ಮುರಿದ ಹಲ್ಲು ನಡುವೆ ಸಿಕ್ಕಿದರೆ ಓಡುತ್ತಿರುವಾಗಲೇ ಚಕ್ರ ಲಾಕ್ ಆಗುತ್ತದೆ. ಹಿಂದಿನ ಆಕ್ಸಲ್ ಮುರಿದಿದ್ದರೂ ಓಡಿಸಬೇಡಿ. ನಮ್ಮ ಬಹುತೇಕ ಗಾಡಿಗಳಲ್ಲಿ ಚಕ್ರವನ್ನು ಹಿಡಿದಿರುವುದೂ ಆ ಆಕ್ಸಲ್ಲೇ. ಅದು ತುಂಡಾದರೆ ಚಕ್ರ ಡ್ರಮ್ ಸಮೇತ ಹೊರಗೆ ಬರಬಹುದು. ಜಿಪ್ಸಿಯಲ್ಲಿ ಇನ್ನೊಂದು ವಿಷಯ: ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಒಂದು ಚಿಕ್ಕ ಶಾಫ್ಟ್ ಇದೆ. ಅದು ಮುರಿದರೆ ಮುಂದಕ್ಕೂ ಬಲ ಇಲ್ಲ, ಹಿಂದಕ್ಕೂ ಇಲ್ಲ. ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಹೋಗಿದ್ದರೆ ಅದನ್ನು ಬಿಚ್ಚಿ, ಹಬ್ ಫ್ರೀ ಮಾಡಿ, 2ಎಚ್‌ನಲ್ಲಿ ಬನ್ನಿ. ಥಾರ್ ಇರುವವರಿಗೂ ಒಂದು ಮಾತು: 2023ರಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್ ಕೂಡ ಮಾರಾಟದಲ್ಲಿದೆ. ಅದಕ್ಕೆ ಈ ಉಪಾಯ ಇಲ್ಲ.

ಟ್ರ್ಯಾಕ್ಟರ್ ಕರೆಸಿದ್ದು ತಪ್ಪಲ್ಲ. ಎರಿ ಹೊಲದಿಂದ ಡಾಂಬರು ರಸ್ತೆ ತನಕ ಅದರಷ್ಟು ಉಪಕಾರಿ ಬೇರೊಂದಿಲ್ಲ. ಮಳೆ ಬಿದ್ದ ಕರಿ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಟ್ಟಿಯಾಗುತ್ತದೆ. ಎಳೆಸುವ ಮೊದಲು ಅದನ್ನು ಕೆರೆದು ತೆಗೆಯಿರಿ. ಟ್ರ್ಯಾಕ್ಟರಿನವರು "ಎಲ್ಲಿ ಕಟ್ಟಬೇಕ್ರೀ?" ಎಂದು ಕೇಳಿದರೆ ಚಾಸಿಸ್ಸಿನ ಹುಕ್ಕನ್ನೇ ತೋರಿಸಿ. ಬಂಪರಿಗೆ ಬೇಡ, ಸ್ಟೀರಿಂಗ್ ರಾಡಿಗೆ ಬೇಡವೇ ಬೇಡ. ಸರಪಳಿ ಬಿಗಿಯಾಗುವಾಗ ಸುತ್ತ ನಿಂತ ಹುಡುಗರನ್ನು ದೂರ ಕಳಿಸಿ. ತುಂಡಾದ ಸರಪಳಿ ಎತ್ತ ಹಾರುತ್ತದೆ ಎಂದು ಯಾರಿಗೂ ಹೇಳಲು ಆಗುವುದಿಲ್ಲ.

ಹೆದ್ದಾರಿಯಲ್ಲಿ ಹಗ್ಗ ಕಟ್ಟಿ ಎಳೆಸುವುದು ನನಗೆ ಒಪ್ಪಿಗೆಯಿಲ್ಲ. ಎಂಜಿನ್ ಆಫ್ ಇದ್ದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಮುಂದಿನ ಎರಡು ಚಕ್ರ ಎತ್ತಿ ಒಯ್ಯುವ ಕ್ರೇನಿನಲ್ಲೂ ಹಿಂದಿನ ಚಕ್ರ ಉರುಳುತ್ತವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಾಗೆ ಉರುಳಿದರೆ ಆಯಿಲ್ ಓಡಾಟವಿಲ್ಲದೆ ಸುಡುತ್ತದೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿಯೇ ಸರಿ. ಹುಮನಾಬಾದ್, ಕಲಬುರಗಿ, ಜೇವರ್ಗಿ ದಾಟುವ 50ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ. ವಿಮೆಯಲ್ಲಿ ರಸ್ತೆ ನೆರವಿನ ಹೆಚ್ಚುವರಿ ಕವರ್ ಇದ್ದರೆ ಲಾರಿ ಅವರೇ ಕಳಿಸುತ್ತಾರೆ. ಹಳ್ಳದೊಳಗಿನಿಂದ ಮೇಲೆತ್ತಿ ಕೊಡುತ್ತಾರಾ, ರಸ್ತೆ ಬದಿಯಿಂದ ಮಾತ್ರವಾ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಮಾಮೂಲಿ ವಿಮೆ ಮಾತ್ರ ಇದ್ದರೆ ಕ್ರಾಸ್ ಮುರಿದದ್ದಕ್ಕೆ ಹಣ ಸಿಗುವುದಿಲ್ಲ, ಯಾಂತ್ರಿಕ ದೋಷ ಅದರ ಹೊರಗಿದೆ.

ಚಿಂಚೋಳಿಯಲ್ಲಿ ಇನ್ನೊಂದನ್ನು ನೋಡಲೇಬೇಕು. ಅಲ್ಲಿನ ಕಾಡು 2011ರಿಂದ ವನ್ಯಜೀವಿ ಧಾಮ. ಒಳಗೆ ಗಾಡಿ ಒಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕೆಟ್ಟ ಗಾಡಿ ತರಲು ಟ್ರ್ಯಾಕ್ಟರ್ ಒಳಗೆ ಹೋಗಬೇಕಾದರೂ ಬೇಕು. ಕತ್ತಲಾಗಿದ್ದರೆ ಅವರಿಗೇ ಮೊದಲು ತಿಳಿಸಿ.

ಹಾಗೂ ಮುಂದಿನ ಚಕ್ರದ ಮೇಲೆ ಮನೆ ಸೇರಿದವರು, ಹಿಂದಿನ ಕ್ರಾಸ್ ಹಾಕಿಸುವಾಗ ಮುಂದಿನ ಶಾಫ್ಟಿನ ಕ್ರಾಸುಗಳನ್ನೂ ಕೈಯಿಂದ ಅಲ್ಲಾಡಿಸಿ ನೋಡಿಸಿ. ಬೆರಳಿಗೆ ಸಡಿಲ ಸಿಕ್ಕರೆ ಅವನ್ನೂ ಅದೇ ದಿನ ಬದಲಿಸಿ.