ಅನಿಮೆ ಮುಖದಲ್ಲಿ ಕಣ್ಣು ಎಲ್ಲಿರಬೇಕು?

ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಶೈಲಿಯ ಮುಖ ಬಿಡಿಸಲು ಕುಳಿತ ಹೊಸಬರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಕಣ್ಣುಗಳನ್ನು ದೊಡ್ಡದಾಗಿ ಬರೆಯುವುದು. ಅಷ್ಟು ಮಾಡಿದರೂ ಮುಖ ಕೂಡಿಬರುವುದಿಲ್ಲ. ತೊಡಕು ಇರುವುದು ಕಣ್ಣಿನ ಗಾತ್ರಕ್ಕಿಂತ ಹೆಚ್ಚಾಗಿ ಅದನ್ನು ಕೂರಿಸಿದ ಜಾಗದಲ್ಲಿ. ವಯಸ್ಕರ ತಲೆಯನ್ನು ನೆತ್ತಿಯಿಂದ ಗದ್ದದವರೆಗೆ ಅಳೆದು ನೋಡಿದರೆ ಕಣ್ಣುಗಳು ಹೆಚ್ಚುಕಡಿಮೆ ನಟ್ಟನಡುವೆ ಬರುತ್ತವೆ. ಆದರೆ ಮುಖ ನೋಡುವಾಗ ನಮ್ಮ ಗಮನವೆಲ್ಲ ಹುಬ್ಬು, ಕಣ್ಣು, ಮೂಗು, ಬಾಯಿಗಳ ಮೇಲೆಯೇ ಇರುವುದರಿಂದ ಕೂದಲ ಕೆಳಗಿನ ಬುರುಡೆಯ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ಮರೆಯುತ್ತೇವೆ. ಕಾಗದದ ಮೇಲೆ ಕಣ್ಣು ಮೇಲಕ್ಕೇರಿ ಹಣೆ ಕುಗ್ಗಿಹೋಗುತ್ತದೆ. ಅನಿಮೆಯಲ್ಲಿ ಕಣ್ಣುಗಳ ಸ್ಥಾನ ಆ ನಡುಗೆರೆಗಿಂತಲೂ ಕೆಳಗೆ.

ಈ ಅಳತೆ ಎಳೆಯ ಮಕ್ಕಳದ್ದು. ನವಜಾತ ಶಿಶುವಿನ ಕಣ್ಣುಗುಡ್ಡೆಯ ವ್ಯಾಸ ಸುಮಾರು 16ರಿಂದ 17 ಮಿ.ಮೀ., ವಯಸ್ಕರದ್ದು ಸುಮಾರು 24 ಮಿ.ಮೀ. ಅಂದರೆ ಹುಟ್ಟುವಾಗಲೇ ಕಣ್ಣು ತನ್ನ ಪೂರ್ಣ ಗಾತ್ರದ ಮೂರನೇ ಎರಡರಷ್ಟು ಬೆಳೆದಿರುತ್ತದೆ. ಮಿದುಳನ್ನು ಹೊತ್ತ ಬುರುಡೆಯೂ ಬೇಗ ಬೆಳೆಯುತ್ತದೆ. ಮೂಗು, ದವಡೆಗಳು ನಿಧಾನವಾಗಿ, ಹದಿಹರೆಯದವರೆಗೂ ಬೆಳೆಯುತ್ತಲೇ ಇರುತ್ತವೆ. ಹೀಗಾಗಿ ಮಗುವಿನ ಮುಖದಲ್ಲಿ ಹಣೆ ವಿಶಾಲ, ಕಣ್ಣು ದೊಡ್ಡದು ಮತ್ತು ಕೆಳಗೆ, ಗದ್ದ ಚಿಕ್ಕದು. ಈ ಲಕ್ಷಣಗಳು ನಮ್ಮಲ್ಲಿ ಅಕ್ಕರೆಯನ್ನು ಹುಟ್ಟಿಸುತ್ತವೆ ಎಂದು ಆಸ್ಟ್ರಿಯಾದ ಪ್ರಾಣಿವರ್ತನಾ ವಿಜ್ಞಾನಿ ಕಾನ್ರಾಡ್ ಲೊರೆಂಜ್ 1943ರಲ್ಲಿ ವಾದಿಸಿದರು. 1973ರಲ್ಲಿ ಅವರೊಂದಿಗೆ ನೊಬೆಲ್ ಹಂಚಿಕೊಂಡ ನಿಕೊ ಟಿನ್‌ಬರ್ಗನ್, ಹೆರಿಂಗ್ ಗಲ್ ಎಂಬ ಕಡಲಹಕ್ಕಿಯ ಮರಿಗಳು ತಾಯಿತಂದೆಯರ ತಲೆಯ ಮಾದರಿಗಿಂತ ಬಿಳಿ ಪಟ್ಟೆಗಳಿರುವ ತೆಳುವಾದ ಕೆಂಪು ಕಡ್ಡಿಯನ್ನೇ ಹೆಚ್ಚು ಕುಕ್ಕುತ್ತವೆ ಎಂದು ತೋರಿಸಿದ್ದರು. ಸಹಜವಾದುದಕ್ಕಿಂತ ಉತ್ಪ್ರೇಕ್ಷಿತವಾದುದೇ ಬಲವಾಗಿ ಸೆಳೆಯಬಲ್ಲದು. ಅನಿಮೆ ಕಣ್ಣಿನ ಆಕರ್ಷಣೆಯ ಒಂದು ಪಾಲನ್ನಾದರೂ ಇದು ವಿವರಿಸುತ್ತದೆ ಎಂದು ನನಗೆ ತೋರುತ್ತದೆ.

ಉಳಿದ ಪಾಲು ಇತಿಹಾಸದ್ದು. ಜಪಾನಿನ ಹುಡುಗಿಯರ ಪತ್ರಿಕೆಗಳಲ್ಲಿ 1930ರ ದಶಕದಲ್ಲೇ ಜುನಿಚಿ ನಕಹಾರಾ ಅವರ ಅಗಲ ಕಣ್ಣಿನ ಚಿತ್ರಗಳು ಜನಪ್ರಿಯವಾಗಿದ್ದವು. ಎರಡನೇ ಮಹಾಯುದ್ಧದ ನಂತರ ಬಂದ ಚಿತ್ರಕಾರ ಒಸಾಮು ತೆಜುಕಾ ಡಿಸ್ನಿ ಕಾರ್ಟೂನುಗಳನ್ನು ಬಹುವಾಗಿ ಮೆಚ್ಚಿದವರು. 1963ರ ಜನವರಿ 1ರಂದು ಆರಂಭವಾದ ಅವರ ಟಿ.ವಿ. ಅನಿಮೆ ಸರಣಿ ‘ತೆತ್ಸುವಾನ್ ಅಟೊಮು’ (ಆಸ್ಟ್ರೋ ಬಾಯ್) ಪ್ರತಿವಾರ ಪ್ರಸಾರವಾಗಬೇಕಿದ್ದರಿಂದ ಚಿತ್ರಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಅನಿವಾರ್ಯವಾಯಿತು. ಸೆಕೆಂಡಿಗೆ 24 ಫ್ರೇಮುಗಳಿರುವಲ್ಲಿ ಒಂದೇ ಚಿತ್ರವನ್ನು ಮೂರು ಫ್ರೇಮುಗಳವರೆಗೆ ನಿಲ್ಲಿಸಿದರೆ ಎಂಟು ಚಿತ್ರಗಳು ಸಾಕು. ದೇಹ ಹೆಚ್ಚು ಅಲುಗಾಡದ ಇಂಥ ಚಿತ್ರಗಳಲ್ಲಿ ಭಾವವನ್ನು ಹೊರುವ ಭಾರ ಕಣ್ಣಿನ ಮೇಲೆಯೇ ಬೀಳುತ್ತದೆ.

ಈಗ ಪೆನ್ಸಿಲ್ ಹಿಡಿಯೋಣ. 8 ಸೆಂ.ಮೀ. ವ್ಯಾಸದ ವೃತ್ತವೊಂದನ್ನು ತೆಳುವಾಗಿ ಬರೆದು, ಅದರ ಕೆಳಗೆ 2 ಸೆಂ.ಮೀ. ದೂರದಲ್ಲಿ ಗದ್ದದ ತುದಿಯನ್ನು ಗುರುತಿಸಿ, ಎರಡೂ ಬದಿಯಿಂದ ದವಡೆಯ ಗೆರೆಗಳನ್ನು ಅಲ್ಲಿಗೆ ಇಳಿಸಿದರೆ 10 ಸೆಂ.ಮೀ. ಎತ್ತರದ ತಲೆ ಸಿಗುತ್ತದೆ. ನೆತ್ತಿಯಿಂದ 5 ಸೆಂ.ಮೀ. ಕೆಳಗೆ ಎಳೆದ ಅಡ್ಡಗೆರೆಯಲ್ಲಿ ಮೇಲ್ರೆಪ್ಪೆ, ಅದಕ್ಕೆ 2 ಸೆಂ.ಮೀ. ಕೆಳಗೆ ಕೆಳರೆಪ್ಪೆ. ಪ್ರತಿ ಕಣ್ಣಿನ ಅಗಲ 2 ಸೆಂ.ಮೀ., ನಡುವಿನ ಅಂತರವೂ ಅಷ್ಟೇ. ಮೂಗಿಗೆ ಒಂದು ಚುಕ್ಕೆ, ಬಾಯಿಗೆ ಒಂದು ಕಿರುಗೆರೆ ಸಾಕು. ಮಿಕ್ಕಿದ್ದನ್ನು ನೋಡುಗರ ಮಿದುಳೇ ತುಂಬಿಕೊಳ್ಳುತ್ತದೆ. ಪಾತ್ರದ ವಯಸ್ಸು ಹೆಚ್ಚಿಸಬೇಕಾದರೆ ಕಣ್ಣನ್ನು ಕಿರಿದಾಗಿಸಿ ಸ್ವಲ್ಪ ಮೇಲಕ್ಕೆತ್ತಿ, ದವಡೆಯನ್ನು ಉದ್ದವಾಗಿಸಬೇಕು.

ಕಣ್ಣಿನ ಒಳಗೆ ಮಾತ್ರ ಅವಸರ ಸಲ್ಲದು. ಕಣ್ಣಿನ ನಡುವಿನ ಕಪ್ಪು ರಂಧ್ರದ ಸುತ್ತಲಿನ ಬಣ್ಣದ ಬಳೆಯಾದ ಐರಿಸ್‌ನ ಮೇಲಂಚನ್ನು ರೆಪ್ಪೆ ಸ್ವಲ್ಪ ಮುಚ್ಚಿರಬೇಕು. ಸುತ್ತಲೂ ಬಿಳಿ ಕಂಡರೆ ಪಾತ್ರ ಬೆಚ್ಚಿಬಿದ್ದಂತೆ ಕಾಣುತ್ತದೆ. ರೆಪ್ಪೆಯ ನೆರಳು ಬೀಳುವುದರಿಂದ ಐರಿಸ್‌ನ ಮೇಲ್ಭಾಗಕ್ಕೆ ಗಾಢ ಬಣ್ಣ ಬೇಕು. ಬೆಳಕು ಎಡಮೇಲಿನಿಂದ ಬರುತ್ತಿದ್ದರೆ ಹೊಳಪಿನ ಬಿಳಿ ಚುಕ್ಕೆ ಎಡಮೇಲೆ ಬರುತ್ತದೆ, ಅದು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು. ಒಳಹೊಕ್ಕ ಬೆಳಕು ಬಾಗಿ ಎದುರು ಬದಿಯನ್ನು, ಅಂದರೆ ಐರಿಸ್‌ನ ಬಲಗೆಳಭಾಗವನ್ನು, ಬೆಳಗಿಸುತ್ತದೆ. ಅಲ್ಲಿ ತಿಳಿಬಣ್ಣ ಹಚ್ಚಿದ ಕೂಡಲೇ ಕಣ್ಣಿಗೆ ಆಳ ಬರುತ್ತದೆ. ಹೊಳಪಿನ ಚುಕ್ಕೆಯು ಎರಡೂ ಕಣ್ಣುಗಳಲ್ಲಿ ಒಂದೇ ಬದಿಗಿರಬೇಕು. ಕನ್ನಡಿಯ ಬಿಂಬದಂತೆ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಇಟ್ಟರೆ ನೋಟ ಒಂದೆಡೆ ನಿಲ್ಲುವುದಿಲ್ಲ.

ಮುಗಿದ ಚಿತ್ರವನ್ನು ತಲೆಕೆಳಗಾಗಿಸಿ ನೋಡುವುದು ಒಳ್ಳೆಯ ಪರೀಕ್ಷೆ. ತಲೆಕೆಳಗಾದ ಮುಖಗಳನ್ನು ಗುರುತಿಸಲು ನಾವು ಇತರ ವಸ್ತುಗಳಿಗಿಂತ ಹೆಚ್ಚು ತಿಣುಕುತ್ತೇವೆ ಎಂದು ಮನೋವಿಜ್ಞಾನದ ಸಂಶೋಧಕ ರಾಬರ್ಟ್ ಯಿನ್ 1969ರಲ್ಲಿ ತೋರಿಸಿದರು. ನೆಟ್ಟಗಿರುವ ಮುಖವನ್ನು ಮಿದುಳು ಇಡಿಯಾಗಿ ಗ್ರಹಿಸುತ್ತದೆ. ತಿರುಗಿಸಿದಾಗ ಆ ಇಡಿತನ ಕಳಚಿ, ಬಿಡಿ ಗೆರೆಗಳು ಕಣ್ಣಿಗೆ ಬೀಳುತ್ತವೆ. ಒಂದು ಕಣ್ಣು ಕೂದಲೆಳೆಯಷ್ಟು ಮೇಲಿದ್ದರೂ ಆಗ ಗೊತ್ತಾಗುತ್ತದೆ. ತಿದ್ದುವಾಗ ಮೊದಲು ಎರಡೂ ಕಣ್ಣುಗಳ ಎತ್ತರ, ಆಮೇಲೆ ನಡುವಿನ ಅಂತರ, ಕೊನೆಗೆ ರೆಪ್ಪೆಗೂದಲು ಎಂಬ ಕ್ರಮ ಹಿಡಿದರೆ ಅಳಿಸುವ ಕೆಲಸ ಕಡಿಮೆಯಾಗುತ್ತದೆ.